ಮೂರು ಸೆಂಟಿಮೀಟರಿನ ಆಕಾಶವಾಣಿ

ನಳದ ನೀರು, ಎರೆಹೊಲದ ತೇವ, ತೋಟದ ಮೋಟಾರು: ಅಂಗೈಯಲ್ಲಿ ಅಡಗುವ ನಿಸ್ತಂತು ಬೋರ್ಡು ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಯುತ್ತಿರುವ ಪಾಠಗಳು

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಈಗ ಅದನ್ನು ಮೀಡಿಯಂ ವೇವ್‌ನಲ್ಲಿ ಕೇಳಬೇಕೆನ್ನುವವರು ರೇಡಿಯೋದ ಮುಳ್ಳನ್ನು 765 ಕಿಲೋಹರ್ಟ್ಸ್‌ಗೆ ತಂದು ನಿಲ್ಲಿಸುತ್ತಾರೆ. ಆ ಅಲೆಯ ಉದ್ದ 392 ಮೀಟರ್. ಅಂಥ ಅಲೆಯನ್ನು ಗಾಳಿಗೆ ಬಿಡಲು ಅದರ ಕಾಲುಪಾಲಿನಷ್ಟು, ಅಂದರೆ 98 ಮೀಟರಿನಷ್ಟು ಎತ್ತರದ ಕಂಬ ಅನುಕೂಲ ಎನ್ನುತ್ತದೆ ರೇಡಿಯೋ ಶಾಸ್ತ್ರ. ಪ್ರಸಾರಕದ ಶಕ್ತಿ 200 ಕಿಲೋವ್ಯಾಟ್ ದರ್ಜೆಯದು.

ಈಗ ವಿದ್ಯಾನಗರದಲ್ಲಿ ಬಸ್ಸಿಗೆ ಕಾದು ನಿಂತ ಯಾವುದಾದರೂ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ಚೀಲ ತೆಗೆಸಿ ನೋಡಿ. ಪೆನ್ಸಿಲ್ ಡಬ್ಬಿಯಲ್ಲಿ ಒಂದು ಸಣ್ಣ ಹಲಗೆ ಸಿಕ್ಕೀತು. ಅದು ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅಲೆಯ ಉದ್ದ 12.5 ಸೆಂಟಿಮೀಟರ್, ಕಾಲುಪಾಲು ಮೂರು ಚಿಲ್ಲರೆ. ಆ ಮೂರು ಸೆಂಟಿಮೀಟರನ್ನೂ ಅಂಕುಡೊಂಕಾಗಿ ಮಡಚಿ ಹಲಗೆಯ ಅಂಚಿನಲ್ಲಿ ತಾಮ್ರದ ಗೆರೆಯಾಗಿ ಕೊರೆದಿದ್ದಾರೆ. ಅದೇ ಕಂಬ, ಅದೇ ಆಂಟೆನಾ. ಶಕ್ತಿ ಹೆಚ್ಚೆಂದರೆ ಒಂದು ವ್ಯಾಟಿನ ಹತ್ತನೇ ಒಂದು ಪಾಲು; ಆಕಾಶವಾಣಿಯ ಪ್ರಸಾರಕದ ಮುಂದೆ ಇಪ್ಪತ್ತು ಲಕ್ಷ ಪಟ್ಟು ಕಡಿಮೆ. ಬೆಲೆ ಸುಮಾರು ಮುನ್ನೂರರಿಂದ ಐನೂರು ರೂಪಾಯಿ. ಹೆಸರು ಇಎಸ್‌ಪಿ32. ಇದರ ಕುಲದಲ್ಲೇ ಇನ್ನೂ ಚಿಕ್ಕದು ಬೇಕೆಂದರೆ ಶಾವೊ ಎಂಬ ಹೆಸರಿನ ಬೋರ್ಡುಗಳಿವೆ: 21 ಮಿಲಿಮೀಟರ್ ಉದ್ದ, 17.8 ಮಿಲಿಮೀಟರ್ ಅಗಲ.

ಈ ಬೋರ್ಡನ್ನು ಹೊಗಳುವವರೆಲ್ಲ ಅದು ವೈಫೈನಲ್ಲಿ ಮಾತಾಡುವುದನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದು ಇದರ ಅತ್ಯಂತ ಸಲೀಸಾದ ಕೆಲಸ. ಮಾದರಿ ಪ್ರೋಗ್ರಾಮನ್ನು ನಕಲು ಮಾಡಿದರೆ ಹತ್ತು ನಿಮಿಷದಲ್ಲಿ ಅದರ ಮಾತು ಫೋನಿಗೆ ತಲುಪುತ್ತದೆ. ಆದರೆ ಏನು ಹೇಳಬೇಕು, ಯಾವಾಗ ಹೇಳಬೇಕು, ಕಂಡದ್ದರಲ್ಲಿ ಯಾವುದನ್ನು ನಂಬಬಾರದು ಎಂಬುದನ್ನು ಯಾವ ಮಾದರಿ ಪ್ರೋಗ್ರಾಮೂ ಹೇಳುವುದಿಲ್ಲ. ಅದನ್ನು ಊರೇ ಕಲಿಸಬೇಕು. ನಮ್ಮ ಅವಳಿ ನಗರದ ಕಲಿಕೆ ಸುಲಭದ್ದಲ್ಲ. ಇಲ್ಲಿ ನಳ ದಿನಾ ಬರುವುದಿಲ್ಲ, ಎರೆಮಣ್ಣು ಒಂದೇ ತರ ಇರುವುದಿಲ್ಲ, ಕರೆಂಟು ಹೇಳಿ ಹೋಗುವುದಿಲ್ಲ.

ಶಾಂಘೈ ಚಿಪ್ಪಿನ ಚರಿತ್ರೆ

ಹವ್ಯಾಸಿಗಳ ಕೈಗೆ ಮೈಕ್ರೋಕಂಟ್ರೋಲರನ್ನು ಹಿಡಿಸಿದ್ದು 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ. ಅದಕ್ಕೆ ಕೈಕಾಲು ಚೆನ್ನಾಗಿದ್ದವು, ಬಾಯಿ ಇರಲಿಲ್ಲ. ವೈಫೈ ಬೇಕೆಂದರೆ ಮೇಲೊಂದು ಹಲಗೆ ಕೂರಿಸಬೇಕು, ಅದರ ಬೆಲೆ ಆರ್ಡುಯಿನೊಗಿಂತ ಹೆಚ್ಚು. ಎಸ್‌ಪ್ರೆಸಿಫ್ ಎಂಬ ಕಂಪನಿಯನ್ನು ಸಿಂಗಪುರ ಮೂಲದ ಟಿಯೊ ಸ್ವೀ ಆನ್ 2008ರಲ್ಲಿ ಶಾಂಘೈನಲ್ಲಿ ಕಟ್ಟಿದ್ದರು. ಅದರ ಇಎಸ್‌ಪಿ8266 ಚಿಪ್ಪನ್ನು ಹೊತ್ತ ಪುಟ್ಟ ತುಂಡೊಂದು 2014ರಲ್ಲಿ ಚೀನಾದ ಆನ್‌ಲೈನ್ ಅಂಗಡಿಗಳಲ್ಲಿ ಕಾಣಿಸಿಕೊಂಡಿತು. ಬೆಲೆ ಐದು ಡಾಲರಿಗೂ ಕಡಿಮೆ. ಕೈಪಿಡಿ ಚೀನೀ ಭಾಷೆಯಲ್ಲಿ. ಮಾರಿದವರು ಅದನ್ನು ಆರ್ಡುಯಿನೊಗೆ ಜೋಡಿಸುವ ಮೋಡೆಮ್ ಎಂದೇ ಮಾರಿದರು. ಕೊಂಡ ಹವ್ಯಾಸಿಗಳು ಕೈಪಿಡಿಯನ್ನು ತಮ್ಮತಮ್ಮಲ್ಲೇ ಅನುವಾದಿಸಿಕೊಂಡು, ಕೆದಕಿ ನೋಡಿ, ಒಳಗಿರುವ ಚಿಪ್ಪು ಆರ್ಡುಯಿನೊಗಿಂತ ಬಲಶಾಲಿ ಎಂದು ಕಂಡುಕೊಂಡರು. ಆಮೇಲೆ ಆರ್ಡುಯಿನೊ ಯಾಕೆ ಬೇಕು? ಚಾಕರನೇ ಯಜಮಾನನಾದ.

2016ರಲ್ಲಿ ಬಂದ ಇಎಸ್‌ಪಿ32ಕ್ಕೆ ಎರಡು ಕೋರ್, 240 ಮೆಗಾಹರ್ಟ್ಸ್ ವೇಗ, 520 ಕಿಲೋಬೈಟ್ ರ‍್ಯಾಮ್, ಜೊತೆಗೆ ಬ್ಲೂಟೂತ್. ಅದರ ತಮ್ಮಂದಿರಲ್ಲಿ ಸಿ3 ಎಂಬ ಚಿಪ್ಪು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಮೇಲೆ ನಿಂತಿದೆ. ರಿಸ್ಕ್-ಫೈವ್ ಹುಟ್ಟಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ. ಈ ಬರ್ಕ್ಲಿಯನ್ನು ನೆನಪಿಟ್ಟುಕೊಳ್ಳಿ, ಹುಬ್ಬಳ್ಳಿಯ ನಳದ ಕತೆಯಲ್ಲಿ ಮತ್ತೆ ಬರುತ್ತದೆ. ನಮ್ಮ ಸಿ-ಡ್ಯಾಕ್ ಸಂಸ್ಥೆಯ ವೇಗಾ ಪ್ರೊಸೆಸರುಗಳು, ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರು ಕೂಡ ಇದೇ ವಿನ್ಯಾಸದವು. ಸಿ-ಡ್ಯಾಕ್‌ನ ಏರೀಸ್ ಬೋರ್ಡುಗಳನ್ನು ಕೊಂಡು ಕಲಿಯಬಹುದು. ಸ್ವದೇಶಿ ಎಂಬ ಅಭಿಮಾನ ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ಪ್ರೋಗ್ರಾಮು ಕೆಟ್ಟು ಕೂತಾಗ ಅದೇ ತೊಂದರೆ ಅನುಭವಿಸಿ ಬರೆದಿಟ್ಟವರು ಇಎಸ್‌ಪಿ32ಕ್ಕೆ ಸಾವಿರಾರು ಮಂದಿ, ಏರೀಸ್‌ಗೆ ಬೆರಳೆಣಿಕೆ. ಹೊಸಬರು ಇದನ್ನೂ ತೂಗಿ ನೋಡಬೇಕು.

ನಳ ಬರುವ ದಿನ

ಹುಬ್ಬಳ್ಳಿ-ಧಾರವಾಡದ ನೀರಿನಷ್ಟು ಅಧ್ಯಯನಕ್ಕೆ ಒಳಗಾದ ನಗರದ ನೀರು ದೇಶದಲ್ಲಿ ಹೆಚ್ಚಿಲ್ಲ. ಮಲಪ್ರಭೆಯಿಂದ ಏರಿ ಬರುವ ನೀರು, ಹುಬ್ಬಳ್ಳಿಗೆ ಜೊತೆಯಾಗಿ 1955ರ ನೀರಸಾಗರ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಿಗೆ ದಿನವಿಡೀ ನೀರು ಹರಿಯಿತು. ಆ ಊರುಗಳ ಹತ್ತರಲ್ಲೊಂದು ಪಾಲು ಜನಕ್ಕೆ. ಉಳಿದ ಒಂಬತ್ತು ಪಾಲು ಜನ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ಕಳೆದ ಮೇಲೂ, ಬರುವ ನಳಕ್ಕೆ ಕಾದು ಕೂತರು. ದಿನವಿಡೀ ನೀರನ್ನು ಇಡೀ ನಗರಕ್ಕೆ ಹಬ್ಬಿಸುವ ಕೆಲಸ ಆಮೇಲೆ ಕೈಗೆತ್ತಿಕೊಂಡದ್ದು. ಇಲ್ಲಿನ ಮನೆಗಳ ವಾಸ್ತುವನ್ನೇ ನಳ ತೀರ್ಮಾನಿಸಿದೆ. ಅಂಗಳದಲ್ಲಿ ಸಂಪು, ಮಾಳಿಗೆ ಮೇಲೆ ಟಾಕಿ, ನಡುವೆ ಮೋಟಾರು. "ನಳಾ ಬಂತೇನ್ರಿ?" ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವವನು ಒಬ್ಬನೇ: ಓಣಿಯ ಮೂಲೆಯಲ್ಲಿ ಕಬ್ಬಿಣದ ಚಾವಿ ತಿರುಗಿಸುವ ವಾಲ್ವ್‌ಮನ್.

2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ತಂಡ ಹುಬ್ಬಳ್ಳಿಯಲ್ಲಿ ಕೆಲಸ ಶುರುಮಾಡಿತು. ಅನು ಶ್ರೀಧರನ್, ಎಮಿಲಿ ಕುಂಪೆಲ್ ಮೊದಲಾದವರು ಬರ್ಕ್ಲಿಯಲ್ಲಿ ಕಟ್ಟಿದ ತಂಡ ಅದು. ಅವರು ಒಂದೂ ಸೆನ್ಸರ್ ಹೂಳಲಿಲ್ಲ. ವಾಲ್ವ್‌ಮನ್ ವಾಲ್ವ್ ತೆರೆದಾಗ ಒಂದು ನಂಬರಿಗೆ ಫೋನ್ ಮಾಡಬೇಕು. ಆ ಓಣಿಯವರಿಗೆ ನೀರು ತಲುಪುವ ಅರ್ಧ-ಮುಕ್ಕಾಲು ಗಂಟೆ ಮುಂಚೆ ಎಸ್‌ಎಂಎಸ್ ಹೋಗುತ್ತದೆ. 2011ರ ನೈಟ್ ನ್ಯೂಸ್ ಚಾಲೆಂಜ್ ಪುರಸ್ಕಾರ ಈ ಕಲ್ಪನೆಗೆ ಸಿಕ್ಕಿತು, ಅಮೆರಿಕದ ಪತ್ರಿಕೆಗಳಲ್ಲಿ ಹುಬ್ಬಳ್ಳಿಯ ಹೆಸರು ಬಂತು. ಸೇವೆ ಮುಂದೆ ಬೆಂಗಳೂರಿಗೆ ಹೋಯಿತು. ಬರ್ಕ್ಲಿಯವರೇ ಅಲ್ಲಿ ನಡೆಸಿದ ಅಧ್ಯಯನದಲ್ಲಿ ಮಾಹಿತಿ ಸೋರುತ್ತಿದ್ದ ಜಾಗ ಗೊತ್ತಾಯಿತು. ವಾಲ್ವ್‌ಮನ್‌ಗಳು ಪ್ರತಿ ಸಲ ಫೋನ್ ಮಾಡುತ್ತಿರಲಿಲ್ಲ.

ಇದನ್ನು ವಾಲ್ವ್‌ಮನ್‌ನ ಸೋಮಾರಿತನ ಎಂದು ಓದುವವರು ಒಮ್ಮೆ ಅವನ ಜೊತೆ ಬೆಳಗಿನ ಜಾವ ನಾಲ್ಕಕ್ಕೆ ಸುತ್ತಿ ನೋಡಲಿ. ಹತ್ತಾರು ಗುಂಡಿಗಳಿಗೆ ಇಳಿದು ಏಳುವ ಮನುಷ್ಯ ಪ್ರತಿ ಗುಂಡಿಗೂ ಒಂದು ಫೋನ್ ಮಾಡಬೇಕೆಂದರೆ ಅದೂ ಕೆಲಸವೇ, ಸಂಬಳವಿಲ್ಲದ ಕೆಲಸ. ಹಾಗಾದರೆ ಆ ಫೋನನ್ನು ಬೋರ್ಡು ಮಾಡಲಿ ಎಂಬುದು ಇವತ್ತು ಯಾರಿಗಾದರೂ ಹೊಳೆಯುವ ಮಾತು. 2011ರಲ್ಲಿ ಇಎಸ್‌ಪಿ8266 ಇನ್ನೂ ಹುಟ್ಟಿರಲಿಲ್ಲ. ಈಗ ಇದೆ, ಮತ್ತು ಅವಳಿ ನಗರದ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಯೋಗ ಇಲ್ಲ.

ಪ್ರಯೋಗ ಸರಳವಾಗಿ ಕಾಣುತ್ತದೆ. ನಳದ ಕೊಳವೆಗೆ ವೈಎಫ್-ಎಸ್201 ಎಂಬ ಅಗ್ಗದ ಹರಿವಿನ ಮಾಪಕ ಕೂರಿಸಿ. ಒಳಗಿನ ಚಕ್ರ ನೀರಿಗೆ ತಿರುಗುತ್ತದೆ, ಲೀಟರಿಗೆ ಸುಮಾರು 450 ಮಿಡಿತ ಬೋರ್ಡಿಗೆ ಹೋಗುತ್ತವೆ. ಮಿಡಿತ ಬಂದರೆ ನೀರು ಬಂದಂತೆ. ಅಮೆರಿಕದ ಯಾವುದೋ ಪುಸ್ತಕ ನೋಡಿ ಮಾಡಿದರೆ ಇಲ್ಲಿಗೆ ಕೆಲಸ ಮುಗಿಯಿತು. ಹುಬ್ಬಳ್ಳಿಯಲ್ಲಿ ಮುಗಿಯುವುದಿಲ್ಲ. ಐದು ದಿನ ಖಾಲಿ ಇದ್ದ ಕೊಳವೆಯ ತುಂಬ ಗಾಳಿ ಇರುತ್ತದೆ. ವಾಲ್ವ್ ತೆರೆದ ಕೂಡಲೇ ನೀರು ಆ ಗಾಳಿಯನ್ನು ನೂಕಿಕೊಂಡು ಬರುತ್ತದೆ. ನಳ ಬುಸುಗುಟ್ಟುವ ಸದ್ದು ಇಲ್ಲಿಯ ಮಕ್ಕಳಿಗೂ ಗೊತ್ತು. ಮಾಪಕದ ಚಕ್ರಕ್ಕೆ ಗೊತ್ತಿಲ್ಲ. ಅದು ಗಾಳಿಗೆ ನೀರಿಗಿಂತ ಜೋರಾಗಿ ತಿರುಗಿ, ಹನಿ ನೀರಿಲ್ಲದೆ ಹತ್ತಾರು ಲೀಟರಿನ ಲೆಕ್ಕ ಬರೆಯುತ್ತದೆ. ಹೀಗಾಗಿ ಚಕ್ರದ ಮಾತಿಗೆ ಇನ್ನೊಂದು ಸಾಕ್ಷಿ ಬೇಕು. ಸಂಪಿನ ಬಾಯಲ್ಲಿ ಒಂದು ತೇಲುವ ಸ್ವಿಚ್ಚು ಇಡಿ, ಇಲ್ಲವೇ ಮಿಡಿತಗಳು ಒಂದೇ ಲಯದಲ್ಲಿ ಕೆಲವು ನಿಮಿಷ ಬಂದರೆ ಮಾತ್ರ ನಂಬುವಂತೆ ಪ್ರೋಗ್ರಾಮು ಬರೆಯಿರಿ. ಗಾಳಿ ಏದುಸಿರಿನಂತೆ ಬಿಟ್ಟುಬಿಟ್ಟು ಬರುತ್ತದೆ, ನೀರು ಸಮನಾಗಿ ಬರುತ್ತದೆ.

ಮುಂದಿನ ಪಾಠ ಮೊದಲ ನೀರಿನದು. ಕುಂಪೆಲ್ ಮತ್ತು ಅವರ ಗುರು ಕಾರಾ ನೆಲ್ಸನ್ ಹುಬ್ಬಳ್ಳಿ-ಧಾರವಾಡದ ಕೊಳವೆಗಳಲ್ಲೇ ನಡೆಸಿದ ಅಧ್ಯಯನಗಳು ಒಂದು ವಿಷಯವನ್ನು ಸ್ಪಷ್ಟವಾಗಿ ತೋರಿಸಿವೆ. ಬಿಟ್ಟುಬಿಟ್ಟು ಬರುವ ಪೂರೈಕೆಯಲ್ಲಿ ನೀರು ಕೆಡುವ ಸಂಭವ ಹೆಚ್ಚು, ಅದರಲ್ಲೂ ಪೂರೈಕೆ ಶುರುವಾದಾಗ ಬರುವ ಮೊದಲ ನೀರು ರಾಡಿ. ನಮ್ಮ ಅಜ್ಜಿಯರು ಮೊದಲ ಎರಡು ಕೊಡವನ್ನು ಗಿಡಕ್ಕೆ ಸುರಿಯುತ್ತಿದ್ದರು, ಸಂಶೋಧನಾ ಪ್ರಬಂಧ ಓದದೆಯೇ. ಈಗ ನಳದ ಕೊಳವೆ ನೇರ ಸಂಪಿಗೇ ಇಳಿಯುವುದರಿಂದ ಆ ರಾಡಿಯೂ ಅಲ್ಲಿಗೇ ಹೋಗುತ್ತದೆ. ಬೋರ್ಡು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನೀರು ಶುರುವಾದ ಮೊದಲ ಕೆಲವು ನಿಮಿಷ ಹಿತ್ತಲ ಗಿಡದ ಕಡೆಗೆ, ಆಮೇಲೆ ಸಂಪಿಗೆ. ಇದಕ್ಕೆ ಸೊಲೆನಾಯ್ಡ್ ವಾಲ್ವ್ ಕೊಳ್ಳಬೇಡಿ. ವಾಷಿಂಗ್ ಮಶೀನ್ ನಮೂನೆಯ ಅಗ್ಗದ ವಾಲ್ವ್ ತೆರೆಯಲು ನೀರಿನ ಒತ್ತಡವೇ ಬೇಕು, ಸುಮಾರು ಎರಡು ಮೀಟರ್ ಎತ್ತರದ ನೀರಿನಷ್ಟು. ನಮ್ಮ ಏರು ಓಣಿಗಳ ಕೊನೆಯ ಮನೆಗಳಲ್ಲಿ ಅಷ್ಟು ಒತ್ತಡ ಇರುವ ದಿನ ಹಬ್ಬ. ಮೋಟಾರಿನಿಂದ ತಿರುಗುವ ಬಾಲ್ ವಾಲ್ವ್ ದುಬಾರಿ, ಆದರೆ ಒತ್ತಡವನ್ನು ಕೇಳುವುದಿಲ್ಲ. ಹುಬ್ಬಳ್ಳಿಯ ಕೈಗಾರಿಕಾ ವಸಾಹತುಗಳಿಂದ ಎಣ್ಣೆ-ಅನಿಲದ ಕಾರ್ಖಾನೆಗಳಿಗೆ ವಾಲ್ವ್ ಹೋಗುತ್ತವೆ. ಮನೆಬಳಕೆಗೆ ಅಗ್ಗವಾದ ಒಂದನ್ನು ಯಾರಾದರೂ ಮಾಡಿದರೆ ಊರೇ ಕೊಂಡೀತು.

ಟಾಕಿಯ ಮಟ್ಟ ಅಳೆಯುವುದೂ ಅಷ್ಟೇ ಬಲೆ. ಎಲ್ಲರೂ ಹಿಡಿಯುವುದು ಶ್ರವಣಾತೀತ ಮಾಪಕ ಎಚ್‌ಸಿ-ಎಸ್‌ಆರ್04. ಸದ್ದು ಹೋಗಿ ನೀರಿಗೆ ಬಡಿದು ಮರಳುವ ಹೊತ್ತಿನಿಂದ ದೂರದ ಲೆಕ್ಕ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಕರಿ ಟಾಕಿಯೊಳಗೆ 40 ಡಿಗ್ರಿ ದಾಟಿದರೆ ವೇಗ 355ರ ಆಚೆ. ಒಂದು ಮೀಟರಿಗೆ ಮೂರೂವರೆ ಸೆಂಟಿಮೀಟರ್ ತಪ್ಪು. ನೀರು ಯಾರೂ ಮುಟ್ಟದೆಯೇ ಮಧ್ಯಾಹ್ನ ಏರಿ ರಾತ್ರಿ ಇಳಿದಂತೆ ಫೋನಿನ ನಕ್ಷೆ ತೋರಿಸುತ್ತದೆ. ಒಂದು ತಾಪಮಾಪಕ ಸೇರಿಸಿದರೆ ಇದು ಸರಿಹೋಗುತ್ತದೆ. ಮಾಪಕದ ಕಣ್ಣಿನ ಮೇಲೆ ಹಬೆ ಕೂತು ಹನಿಯಾಗುವುದಕ್ಕೆ ಅಂಥ ಉಪಾಯವಿಲ್ಲ. ನೀರಿಗೆ ಒಗ್ಗುವ ಜೆಎಸ್‌ಎನ್ ನಮೂನೆಯದನ್ನೇ ಹಾಕಬೇಕು. ಅದಕ್ಕೆ ಸುಮಾರು 20 ಸೆಂಟಿಮೀಟರ್ ಒಳಗಿನದು ಕಾಣುವುದಿಲ್ಲವಾದ್ದರಿಂದ ಟಾಕಿ ತುಂಬಿದಾಗಲೂ ಅಷ್ಟು ಎತ್ತರದಲ್ಲಿ ಇರುವಂತೆ ಕೂರಿಸಬೇಕು. ಇನ್ನೊಂದು: ಎಚ್‌ಸಿ-ಎಸ್‌ಆರ್04 ಮಾತಾಡುವುದು 5 ವೋಲ್ಟಿನಲ್ಲಿ, ಇಎಸ್‌ಪಿ32 ತಾಳುವುದು 3.3. ನಡುವೆ ಎರಡು ರೆಸಿಸ್ಟರ್ ಇಟ್ಟು ವೋಲ್ಟೇಜ್ ಇಳಿಸದೆ ಪಿನ್ ಸುಟ್ಟುಕೊಂಡವರ ಸಂಖ್ಯೆಗೆ ಲೆಕ್ಕವಿಲ್ಲ.

ಇಷ್ಟು ಮಾಡಿದರೂ ನಿಮ್ಮ ಬೋರ್ಡಿಗೆ ತಿಳಿಯುವುದು ನಿಮ್ಮ ಮನೆಗೆ ನೀರು ಬಂದ ಮೇಲೆ. ಧಾರವಾಡ ಏರಿಳಿತದ ಊರು. ಒಂದೇ ವಾಲ್ವಿನ ತಗ್ಗಿನ ಮನೆಗೆ ನೀರು ಮೊದಲು, ದಿಬ್ಬದ ಮನೆಗೆ ಬಹಳ ತಡವಾಗಿ. ನೆಕ್ಸ್ಟ್‌ಡ್ರಾಪ್ ಮಾರಲು ಹೊರಟಿದ್ದ ಮುನ್ಸೂಚನೆ ಬೇಕಾದರೆ ಬೋರ್ಡು ಇರಬೇಕಾದದ್ದು ತಗ್ಗಿನ ಮೊದಲ ಮನೆಯಲ್ಲಿ, ಸುದ್ದಿ ಬೇಕಾದದ್ದು ದಿಬ್ಬದ ಕೊನೆಯ ಮನೆಗೆ. ಆ ಮೊದಲ ಮನೆ ಯಾವುದೆಂದು ವಾಲ್ವ್‌ಮನ್‌ನನ್ನೇ ಕೇಳಬೇಕು. ಭೂಗತ ಕೊಳವೆಗಳ ನಿಜವಾದ ನಕ್ಷೆ ಇರುವುದು ಅವನ ತಲೆಯಲ್ಲಿ. ಅವನ ಕೆಲಸವನ್ನು ಬೋರ್ಡು ಕಸಿಯುವಂತೆ ವಿನ್ಯಾಸ ಮಾಡಿದರೆ ಅವನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಎರೆಹೊಲದ ಬಿರುಕು

ಊರ ಹೊರಗೆ ಬಂದರೆ ಎಲ್ಲರ ಬಾಯಲ್ಲೂ ಸ್ಮಾರ್ಟ್ ನೀರಾವರಿ. ಮಣ್ಣಿನ ತೇವ ಅಳೆದು ಮೋಟಾರು ಶುರುಮಾಡುವ ಯೋಜನೆಯನ್ನು ಕಾಲೇಜು ಪ್ರದರ್ಶನಗಳಲ್ಲಿ ಕುಂಡದ ತುಳಸಿ ಗಿಡಕ್ಕೆ ಜೋಡಿಸಿ ತೋರಿಸುತ್ತಾರೆ. ಕುಂಡದ ಮಣ್ಣು ಸೌಮ್ಯ. ನವಲಗುಂದ, ಕುಂದಗೋಳದ ಎರೆ ಹಾಗಲ್ಲ. ಆ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಕೆಪಾಸಿಟಿವ್ ಸೆನ್ಸರ್ ಎಂಬ ಚಪ್ಪಟೆ ಕಡ್ಡಿ ತನ್ನ ಮೈಗೆ ತಗುಲಿದ ತೆಳ್ಳನೆಯ ಪದರವನ್ನಷ್ಟೇ ಬಲ್ಲದು. ಮಣ್ಣು ಕುಗ್ಗಿ ಕಡ್ಡಿಯಿಂದ ಒಂದು ಕೂದಲೆಳೆ ದೂರ ಸರಿದರೆ ಅದು ಅಳೆಯುವುದು ಗಾಳಿಯನ್ನು. ಎರಡು ಬೆರಳಿನಾಚೆ ಬೇರಿಗೆ ಸಾಕಷ್ಟು ತೇವ ಇದ್ದರೂ ಸೆನ್ಸರ್ "ಬರಗಾಲ" ಎಂದು ಕೂಗುತ್ತದೆ, ಮೋಟಾರು ಶುರುವಾಗುತ್ತದೆ. ಹತ್ತಿಗೆ, ಮೆಣಸಿನಕಾಯಿಗೆ ಬೇಡದ ನೀರು.

ಧಾರವಾಡದ ಪಶ್ಚಿಮಕ್ಕೆ, ಕಲಘಟಗಿಯ ಕಡೆಯ ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ. ಅಂದರೆ ಒಂದೇ ಜಿಲ್ಲೆಯೊಳಗೆ ಒಂದೇ ಪ್ರೋಗ್ರಾಮು ಎರಡು ಕಡೆ ನಡೆಯುವುದಿಲ್ಲ. ಪ್ರತಿ ಹೊಲಕ್ಕೂ ಅಳತೆ ಹೊಂದಿಸಬೇಕು. ವಿಧಾನ ಹಳೆಯದು, ಬೋರ್ಡಿಗಿಂತ ತಕ್ಕಡಿ ಮುಖ್ಯ: ಮಣ್ಣಿನ ಮಾದರಿ ತೂಗಿ, 105 ಡಿಗ್ರಿ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ ನೋಡಿದರೆ ಹೋದ ತೂಕವೇ ತೇವ. ಆ ಅಂಕಿಯ ಎದುರು ಸೆನ್ಸರ್ ತೋರಿಸಿದ ಅಂಕಿ ಬರೆದುಕೊಳ್ಳಬೇಕು. 1986ರಿಂದ ಕೃಷಿ ವಿಶ್ವವಿದ್ಯಾಲಯವೇ ಇರುವ ಊರಿನಲ್ಲಿ ಇದನ್ನು ಕಲಿಸುವವರು ಸಿಗದೇ ಇರಲಾರರು. ಕಡ್ಡಿಯ ಅಂಚುಗಳಿಗೆ ಉಗುರುಬಣ್ಣವನ್ನೋ ಎಪಾಕ್ಸಿಯನ್ನೋ ಬಳಿಯದಿದ್ದರೆ ಒಂದು ಮಳೆಗಾಲಕ್ಕೆ ಹಲಗೆಯೇ ನೀರು ಕುಡಿದು ಹಾಳು. ಎರಡು ಮೊಳೆಯಂಥ ಹಳೆಯ ರೆಸಿಸ್ಟಿವ್ ಸೆನ್ಸರನ್ನಂತೂ ಹೊಲಕ್ಕೆ ಒಯ್ಯಲೇಬೇಡಿ. ಸತತ ವಿದ್ಯುತ್ ಹರಿದರೆ ಅದರ ಲೋಹವೇ ಕರಗಿ ಮಣ್ಣಿಗೆ ಸೇರುತ್ತದೆ.

ಮತ್ತೆ, ಹೊಲದಲ್ಲಿ ವೈಫೈ ಎಲ್ಲಿದೆ? ಬಯಲಿನಲ್ಲಿ ನೂರು ಚಿಲ್ಲರೆ ಮೀಟರ್ ಸಾಗುವ ಸಂಕೇತ ಕೆಲಗೇರಿ ಕಡೆಯ ಮಾವಿನ ತೋಪುಗಳಂಥ ಜಾಗದಲ್ಲಿ, ಅದೂ ಎಲೆ ಒದ್ದೆಯಾದ ಜುಲೈಯಲ್ಲಿ, ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ನುಂಗುತ್ತದೆ. ಮೂರು ದಾರಿಗಳಿವೆ. ಹತ್ತಿರವಿದ್ದರೆ ಇಎಸ್‌ಪಿ-ನೌ: ರೂಟರ್ ಇಲ್ಲದೆ ಬೋರ್ಡಿಗೆ ಬೋರ್ಡು ನೇರ ಮಾತಾಡುವ ಪದ್ಧತಿ, ಒಂದು ಸಲಕ್ಕೆ 250 ಬೈಟ್. ತೇವದ ಸುದ್ದಿಗೆ ಹತ್ತು ಬೈಟ್ ಸಾಕು. ದೂರವಿದ್ದರೆ ಲೋರಾ ರೇಡಿಯೋ, ಭಾರತದಲ್ಲಿ 865-868 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ಮೂರನೆಯ ದಾರಿಯನ್ನು ನಮ್ಮ ರೈತರು ಬೋರ್ಡಿಗೂ ಮೊದಲೇ ಹಿಡಿದಿದ್ದರು: ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ ಓಸ್ತವಾಲರ ನ್ಯಾನೊ ಗಣೇಶ್‌ನಂಥ ಸಾಧನಗಳು ನಡುರಾತ್ರಿ ತ್ರೀಫೇಸ್ ಬಂದಾಗ ಹೊಲಕ್ಕೆ ನಡೆಯುವ ಕಷ್ಟವನ್ನು ಒಂದು ಫೋನಿಗೆ ಇಳಿಸಿದವು. ಹೊಸ ಬೋರ್ಡು ಹಿಡಿದು ಹಳ್ಳಿಗೆ ಹೋಗುವವರು ರೈತನ ಪೆಟ್ಟಿಗೆಯಲ್ಲಿ ಈಗಾಗಲೇ ಏನಿದೆ ಎಂದು ಮೊದಲು ತೆರೆದು ನೋಡಬೇಕು.

ನಿದ್ದೆಯ ಲೆಕ್ಕ

ವೈಫೈ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 240 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ಸರಾಸರಿ 100 ಎಂದುಕೊಂಡರೂ 2500 ಮಿಲಿಆಂಪಿಯರ್-ಗಂಟೆಯ 18650 ನಮೂನೆಯ ಒಂದು ಸೆಲ್ಲು 25 ಗಂಟೆಯಲ್ಲಿ ಖಾಲಿ. ಹೊಲದ ಬೋರ್ಡಿಗೆ ನಿದ್ದೆ ಕಲಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಐದು ಸೆಕೆಂಡಿನಲ್ಲಿ ಮಾತು ಮುಗಿಸಿ, ಮತ್ತೆ ಗಾಢ ನಿದ್ದೆ. ನಿದ್ದೆಯಲ್ಲಿ ಚಿಪ್ಪಿಗೆ ಬೇಕಾದದ್ದು ಸುಮಾರು 10 ಮೈಕ್ರೋಆಂಪಿಯರ್. ಲೆಕ್ಕ ಹಾಕಿ: ಸರಾಸರಿ ಅರ್ಧ ಮಿಲಿಆಂಪಿಯರ್ ಚಿಲ್ಲರೆ, ಅದೇ ಸೆಲ್ಲು ಆರು ತಿಂಗಳು. ಕಾಗದದ ಮೇಲೆ.

ಅಭ್ಯಾಸಕ್ಕೆಂದು ಕೊಂಡ ಡೆವ್‌ಕಿಟ್ ಬೋರ್ಡನ್ನೇ ಹೊಲದಲ್ಲಿ ಇಟ್ಟರೆ ಆರು ತಿಂಗಳು ಹತ್ತು ದಿನಕ್ಕೆ ಇಳಿಯಬಹುದು. ಚಿಪ್ಪು ಮಲಗಿದರೂ ಹಲಗೆಯ ಮೇಲಿನ ಕೆಂಪು ದೀಪ, ಯುಎಸ್‌ಬಿ ಚಿಪ್ಪು, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಎದ್ದೇ ಇರುತ್ತವೆ, ಎಲ್ಲ ಸೇರಿ ಹತ್ತು ಮಿಲಿಆಂಪಿಯರಿನಷ್ಟು ತಿನ್ನಬಲ್ಲವು. ಬ್ಯಾಟರಿ ಕೆಲಸಕ್ಕೆ ಶಾವೊದಂಥ ಮಿತಾಹಾರಿ ಬೋರ್ಡೇ ಬೇಕು. ಮನೆಯೊಳಗಿನ ಬೋರ್ಡಿಗೆ ಬೇರೆ ಸಂಕಟ. ಹೆಸ್ಕಾಂ ಕರೆಂಟು ಹೋದಾಗ ರೂಟರ್ ಸಾಯುತ್ತದೆ, ಬೋರ್ಡಿಗೆ ಇನ್ವರ್ಟರಿನ ಉಸಿರಿರುತ್ತದೆ. ಮೋಟಾರು ನಿಲ್ಲಿಸುವ ತೀರ್ಮಾನವನ್ನು ದೂರದ ಸರ್ವರಿಗೆ ಒಪ್ಪಿಸಿದ್ದರೆ ಟಾಕಿ ಉಕ್ಕಿ ಪಕ್ಕದ ಮನೆಯ ಗೋಡೆ ತೊಯ್ಯುತ್ತದೆ. ಮೋಟಾರಿನ ಬುದ್ಧಿ ಬೋರ್ಡಿನಲ್ಲೇ ಇರಲಿ. ಇಂಟರ್ನೆಟ್ಟಿಗೆ ಹೋಗುವುದು ವರದಿ ಮಾತ್ರ.

ಕಲಿಯುವ ಜಾಗಗಳಿಗೆ ಇಲ್ಲಿ ಬರವಿಲ್ಲ. 1947ರಲ್ಲಿ ಶುರುವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಯಾವ ಶಾಖೆಯವರೇ ಆಗಲಿ ಮೊದಲ ವರ್ಷದಲ್ಲೇ ಆರ್ಡುಯಿನೊ ಹಿಡಿದು ಏನಾದರೊಂದು ಕಟ್ಟುವಂಥ ವಿಷಯವನ್ನು ಪಠ್ಯದಲ್ಲಿ ಇಟ್ಟಿದೆ. ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನದ ಸ್ಟಾರ್ಟಪ್ ಕೇಂದ್ರದಲ್ಲಿ ಮೇಕರ್ಸ್ ಲ್ಯಾಬ್ ಇದೆ. ಧಾರವಾಡ ಐಐಟಿ 2016ರಲ್ಲಿ ತರಗತಿ ಆರಂಭಿಸಿದ್ದು ವಾಲ್ಮಿಯ, ಅಂದರೆ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ ಆವರಣದಲ್ಲಿ. ಎಲೆಕ್ಟ್ರಾನಿಕ್ಸ್ ಕಲಿಯುವವರು ನೀರು-ಮಣ್ಣು ಬಲ್ಲವರ ಅಂಗಳದಲ್ಲಿ ಕೆಲವು ವರ್ಷ ಕೂತಿದ್ದರು; ಆಮೇಲೆ ಚಿಕ್ಕಮಲ್ಲಿಗವಾಡದ ತಮ್ಮ ಕ್ಯಾಂಪಸ್ಸಿಗೆ ಹೋದರು. ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ 20 ಲಕ್ಷ ರೂಪಾಯಿ ಅನುದಾನ ಇದೆ. ಲ್ಯಾಬಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದರ ಮೇಲೆ ಉಳಿದದ್ದು.

ಹುಬ್ಬಳ್ಳಿ ಒಡೆಯುತ್ತದೆ, ಧಾರವಾಡ ಉಳಿಯುತ್ತದೆ

ಬೋರ್ಡಿಗೆ ಒಂದು ಇಂಚಿನ ಓಎಲ್‌ಇಡಿ ಪರದೆ ಜೋಡಿಸಿ ಅಜ್ಜನಿಗೆ ಓದಲು ಬರುವಂತೆ ಕನ್ನಡದಲ್ಲಿ ಸುದ್ದಿ ತೋರಿಸಲು ಹೊರಟವರು ಇನ್ನೊಂದು ಗೋಡೆಗೆ ಬಡಿಯುತ್ತಾರೆ. ಈ ಪುಟ್ಟ ಪರದೆಗಳ ಬಹುತೇಕ ಲೈಬ್ರರಿಗಳು ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಇಂಗ್ಲಿಷ್ ನಿಯಮದ ಮೇಲೆ ನಡೆಯುತ್ತವೆ. ಕನ್ನಡದಲ್ಲಿ ಅಕ್ಷರಗಳು ಪಕ್ಕದವರನ್ನು ನೋಡಿ ರೂಪ ಬದಲಿಸುತ್ತವೆ. ಇದನ್ನು ಫೋನು, ಕಂಪ್ಯೂಟರಿನಲ್ಲಿ ಬೇರೆಯೇ ತಂತ್ರಾಂಶ ನೋಡಿಕೊಳ್ಳುತ್ತದೆ, ಬೋರ್ಡಿನಲ್ಲಿ ಅದು ಇಲ್ಲ. ಆದ್ದರಿಂದ ಧಾರವಾಡ ಎಂಬುದು ತಲೆಕಟ್ಟು ಕೆದರಿದರೂ ಓದುವಂತೆ ಮೂಡುತ್ತದೆ. ಎರಡು ಒತ್ತಕ್ಷರಗಳಿರುವ ಹುಬ್ಬಳ್ಳಿ ಚೂರುಚೂರು. ಅವಳಿ ನಗರಗಳ ಹಳೆಯ ಜಗಳಕ್ಕೆ ಇದನ್ನೊಂದು ಸಾಕ್ಷಿಯಾಗಿ ಯಾರೂ ಬಳಸದಿರಲಿ.

ಉಪಾಯ ಒರಟು, ಆದರೆ ಕೆಲಸ ಮಾಡುತ್ತದೆ. ಬೇಕಾದ ವಾಕ್ಯಗಳನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಮಾಡಿ ಬೋರ್ಡಿನಲ್ಲಿ ತುಂಬುವುದು. 128×64 ಚುಕ್ಕೆಗಳ ಇಡೀ ಪರದೆಗೆ 1024 ಬೈಟ್. ನಾಲ್ಕು ಮೆಗಾಬೈಟ್ ಇರುವ ಸಾಮಾನ್ಯ ಬೋರ್ಡಿನಲ್ಲಿ ಒಂದು ಮೆಗಾಬೈಟ್ ಬಿಟ್ಟುಕೊಟ್ಟರೂ ಸಾವಿರ ವಾಕ್ಯ. ನಳ, ಟಾಕಿ, ಮೋಟಾರಿನ ಸಂಸಾರಕ್ಕೆ ಮೂವತ್ತು ವಾಕ್ಯ ಸಾಕು. ಓದಲಾರದವರಿಗೆ ಡಿಎಫ್‌ಪ್ಲೇಯರ್ ಎಂಬ ಅಗ್ಗದ ಧ್ವನಿ ಹಲಗೆ ಇದೆ. ಮನೆಯವರ ದನಿಯಲ್ಲೇ "ನೀರು ಬಂದಾವ್ರಿ, ಏಳ್ರಿ" ಎಂದು ಮುದ್ರಿಸಿ ಮೆಮೊರಿ ಕಾರ್ಡಿನಲ್ಲಿ ಇಟ್ಟರೆ ಬೆಳಗಿನ ಜಾವ ಅದೇ ಎಬ್ಬಿಸುತ್ತದೆ. ಇಂಗ್ಲಿಷ್ ಬೀಪ್‌ಗಿಂತ ಇದಕ್ಕೆ ಜನ ಬೇಗ ಏಳುತ್ತಾರೆಂದು ನನ್ನ ನಂಬಿಕೆ.

ಹಿಂಬಾಗಿಲಿನ ಗುಲ್ಲು

2025ರ ಮಾರ್ಚಿನಲ್ಲಿ ಸ್ಪೇನಿನ ಟಾರ್ಲಾಜಿಕ್ ಎಂಬ ಭದ್ರತಾ ಸಂಸ್ಥೆ ಇಎಸ್‌ಪಿ32ರ ಬ್ಲೂಟೂತ್ ಭಾಗದಲ್ಲಿ ದಾಖಲೆಯಿಲ್ಲದ 29 ಆಜ್ಞೆಗಳಿವೆ ಎಂದು ಹೇಳಿ ಅದನ್ನು ಹಿಂಬಾಗಿಲು ಎಂದು ಕರೆಯಿತು. ಚೀನಾದ ಚಿಪ್ಪು, ಕೋಟ್ಯಂತರ ಸಾಧನ: ಸುದ್ದಿವಾಹಿನಿಗಳಿಗೆ ಹಬ್ಬ. ಆ ಆಜ್ಞೆಗಳನ್ನು ಗಾಳಿಯ ಮೂಲಕ ಯಾರೂ ನೇರವಾಗಿ ಕೊಡಲಾಗದು, ಚಿಪ್ಪಿನ ಮೇಲೆ ಆಗಲೇ ಹಿಡಿತ ಇರುವವನಷ್ಟೇ ಬಳಸಬಹುದು ಎಂದು ತಜ್ಞರು ತೋರಿಸಿದ ಮೇಲೆ ಸಂಸ್ಥೆಯೂ ಹಿಂಬಾಗಿಲು ಎಂಬ ಪದ ಬಿಟ್ಟು ಅಡಗಿದ ಸೌಲಭ್ಯ ಎಂದಿತು. ಗುಲ್ಲು ಸುಳ್ಳಾದರೂ ಅದರ ಹಿಂದಿನ ಹೆದರಿಕೆ ಪೂರ್ತಿ ಸುಳ್ಳಲ್ಲ. ಹೆಚ್ಚಿನ ಮನೆಗಳಲ್ಲಿ ಬಾಗಿಲು ತೆರೆದಿಟ್ಟವರು ನಾವೇ: ವೈಫೈ ಪಾಸ್‌ವರ್ಡನ್ನು ಪ್ರೋಗ್ರಾಮಿನಲ್ಲಿ ಹಾಗೇ ಬರೆದು, ಆ ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಏರಿಸಿ, ಮೋಟಾರಿನ ಸ್ವಿಚ್ಚನ್ನು ಗುಪ್ತಪದವಿಲ್ಲದ ಸಾರ್ವಜನಿಕ ಸರ್ವರಿಗೆ ಜೋಡಿಸುವವರು.

ಮೊದಲ ಬೋರ್ಡು

ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಬೇಕಾದ ಕಾಲ ಮುಗಿಯಿತು, ಕೊರಿಯರ್ ಬರುತ್ತದೆ. ಮೊದಲನೆಯದಕ್ಕೆ ಇಎಸ್‌ಪಿ32 ಡೆವ್‌ಕಿಟ್ ತೆಗೆದುಕೊಳ್ಳಿ, ಎರಡು. ಒಂದು ಸುಡುತ್ತದೆ. ಒಳ್ಳೆಯ ಯುಎಸ್‌ಬಿ ಕೇಬಲ್ ಇರಲಿ. ಬಡಕಲು ಕೇಬಲಿನಲ್ಲಿ ವೋಲ್ಟೇಜ್ ಕುಸಿದು ವೈಫೈ ಶುರುವಾದಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತದೆ, ನೀವು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ. ಮಣ್ಣಿನ ಸೆನ್ಸರನ್ನು ಎಡಿಸಿ2 ಗುಂಪಿನ ಪಿನ್ನುಗಳಿಗೆ ಜೋಡಿಸಬೇಡಿ. ವೈಫೈ ನಡೆಯುವಾಗ ಆ ಗುಂಪು ಅಳೆಯುವುದಿಲ್ಲ. 32ರಿಂದ 39ರವರೆಗಿನ ಪಿನ್ನುಗಳಲ್ಲಿ ನಿಮ್ಮ ಬೋರ್ಡು ಹೊರಗೆ ಕೊಟ್ಟಿರುವವನ್ನು ಬಳಸಿ. 12ನೇ ಪಿನ್ನಿಗೆ ಶುರುವಿನಲ್ಲೇ ವೋಲ್ಟೇಜ್ ಕೊಟ್ಟರೆ ಬೋರ್ಡು ಏಳುವುದೇ ಇಲ್ಲ.

ಮೋಟಾರನ್ನು ಮೊದಲ ತಿಂಗಳು ಮುಟ್ಟಬೇಡಿ. ಟಾಕಿಯ ಮಟ್ಟ, ನಳ ಬಂದ ಹೊತ್ತು ಇಷ್ಟನ್ನೇ ಬೋರ್ಡು ಬರೆದುಕೊಳ್ಳಲಿ, ನೀವೂ ಗೋಡೆಯ ಕ್ಯಾಲೆಂಡರಿನಲ್ಲಿ ಕೈಯಿಂದ ಬರೆಯಿರಿ. ಎರಡೂ ತಾಳೆಯಾದ ಮೇಲೆ ರೀಲೇ, ಅಂದರೆ ಬೋರ್ಡು ಒತ್ತುವ ವಿದ್ಯುತ್ ಸ್ವಿಚ್ಚು. ನೀಲಿ ಬಣ್ಣದ ಆ ಪುಟ್ಟ ರೀಲೇಯ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿದ್ದರೂ ಪಂಪಿಗೆ ಅದನ್ನು ನೇರ ಕಟ್ಟಬೇಡಿ. ಮೋಟಾರು ಏಳುವಾಗ ಓಡುವ ವಿದ್ಯುತ್ತಿನ ಐದಾರು ಪಟ್ಟು ಎಳೆಯುತ್ತದೆ, ರೀಲೇಯ ನಾಲಿಗೆ ಅಂಟಿಕೊಂಡು ಪಂಪು ನಿಲ್ಲುವುದೇ ಇಲ್ಲ. ಬೋರ್ಡು ರೀಲೇಯನ್ನು ಒತ್ತಲಿ, ರೀಲೇ ಕಾಂಟ್ಯಾಕ್ಟರಿನ ಸುರುಳಿಯನ್ನು ಒತ್ತಲಿ, ಕಾಂಟ್ಯಾಕ್ಟರು ಮೋಟಾರನ್ನು ನಡೆಸಲಿ. 230 ವೋಲ್ಟಿನ ಆ ಕೊನೆಯ ಕಟ್ಟನ್ನು ಓಣಿಯ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ, ಪಕ್ಕದಲ್ಲಿ ಕೈಯಿಂದ ಹಾಕುವ ಹಳೆಯ ಸ್ವಿಚ್ಚನ್ನು ಹಾಗೇ ಉಳಿಸಲು ಹೇಳಿ.